ನಾವು ನೋಡದ 97 ಸೆಕೆಂಡುಗಳು

ನಮ್ಮ ಮನೆಯಲ್ಲಿರುವುದು ಒಂದೇ ಟಿವಿ. ಅದರ ಬೆನ್ನಿಗೆ ಚುಚ್ಚಿರುವ ಎಚ್‌ಡಿಎಂಐ ತಂತಿಯ ಇನ್ನೊಂದು ತುದಿಯಲ್ಲಿ ಗೇಮ್ ಕನ್ಸೋಲ್ ಇದೆ. ನನ್ನ ಬಿಡುವಿನ ಹೊತ್ತೆಲ್ಲ ಕಳೆಯುವುದು ಇವೆರಡರ ಮುಂದೆಯೇ: ಪಂದ್ಯವಿದ್ದ ದಿನ ಫುಟ್‌ಬಾಲ್ ನೋಡುತ್ತೇನೆ, ಇಲ್ಲದ ದಿನ ಕಂಟ್ರೋಲರ್ ಹಿಡಿದು ಅದೇ ಫುಟ್‌ಬಾಲನ್ನು ಆಡುತ್ತೇನೆ. ಮೈದಾನಕ್ಕಿಳಿದು ಚೆಂಡು ಒದ್ದು ವರ್ಷಗಳೇ ಕಳೆದಿರುವುದರಿಂದ, ಈಗ ನನ್ನ ಪಾಲಿಗೆ ಫುಟ್‌ಬಾಲ್ ಎಂದರೆ ಬಹುಮಟ್ಟಿಗೆ ಆ ಪರದೆಯ ಮೇಲೆ ಕಾಣುವುದೇ ಆಗಿದೆ. ನೋಡುವುದೂ ಆಡುವುದೂ ಒಂದೇ ಹವ್ಯಾಸದ ಎರಡು ರೂಪಗಳೆಂದು ನಾನು ನಂಬಿಕೊಂಡಿದ್ದೆ. ಒಂದು ರಾತ್ರಿ ಮಾತ್ರ ಅವೆರಡೂ ಒಂದಕ್ಕೊಂದು ಅಡ್ಡ ಬಂದವು, ಮತ್ತು ಅದಕ್ಕೆ ನಾನೇ ಕಾರಣನಾದೆ.

ಅಂದು 2022ರ ಡಿಸೆಂಬರ್ 18, ಭಾನುವಾರ. ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವೆ ವಿಶ್ವಕಪ್ ಫೈನಲ್. ಪಂದ್ಯ ನೋಡಲೆಂದು ಅಕ್ಕನ ಮಗ ಮಧ್ಯಾಹ್ನವೇ ನಮ್ಮ ಮನೆಗೆ ಬಂದಿದ್ದ. ಅವನಿಗೆ ಆಗ 12 ವರ್ಷ. ಎಂಬಾಪೆ ಎಂದರೆ ಪ್ರಾಣ, ಆದ್ದರಿಂದ ಫ್ರಾನ್ಸ್ ಅವನ ತಂಡ. ಮೆಸ್ಸಿಯ ಕೊನೆಯ ವಿಶ್ವಕಪ್ ಇರಬಹುದೆಂಬ ಮಮತೆಯಿಂದ ನಾನು ಅರ್ಜೆಂಟೀನಾದ ಪಕ್ಷ. ಪಂದ್ಯಕ್ಕೆ ಇನ್ನೂ ಸಾಕಷ್ಟು ಸಮಯವಿದ್ದುದರಿಂದ, ಅದೇ ಫೈನಲನ್ನು ಮೊದಲು ನಾವೇ ಆಡಿ ನೋಡೋಣವೆಂದು ಫಿಫಾ 23 ಹಾಕಿಕೊಂಡು ಕುಳಿತೆವು. ಆ ಆಟದಲ್ಲಿ ಒಂದೊಂದು ಅರ್ಧಕ್ಕೆ ಆರು ನಿಮಿಷವಿಟ್ಟರೆ, ಪರದೆಯ ಗಡಿಯಾರ ಆ ಹನ್ನೆರಡು ನಿಮಿಷಗಳಲ್ಲೇ ತೊಂಬತ್ತು ಎಣಿಸಿ ಮುಗಿಸುತ್ತದೆ. ಎರಡು ಪಂದ್ಯ ಅವನು ಗೆದ್ದ, ಒಂದನ್ನು ನಾನು ಗೆದ್ದೆ. ನಾಲ್ಕನೆಯದು 62ನೇ ನಿಮಿಷದಲ್ಲಿ 1–1 ಆಗಿದ್ದಾಗ ಆಟಗಾರರು ಮೈದಾನಕ್ಕೆ ಬರುವ ಹೊತ್ತಾಯಿತು. ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸಿ ಟಿವಿಯನ್ನು ನೇರ ಪ್ರಸಾರಕ್ಕೆ ತಿರುಗಿಸಿದೆವು. "ಇದನ್ನು ಆಮೇಲೆ ಮುಗಿಸಲೇಬೇಕು ಮಾಮಾ, ಅಳಿಸಿ ಹಾಕಬೇಡಿ," ಎಂದು ಅವನು ಎರಡು ಸಲ ಹೇಳಿದ.

ಹೀಗೆ ಆಟದಿಂದ ಪ್ರಸಾರಕ್ಕೆ ಬದಲಾದಾಗ ಒಂದು ಕ್ಷಣ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ಫುಟ್‌ಬಾಲ್ ವಿಡಿಯೊ ಗೇಮ್ ಅನುಕರಿಸುವುದು ಮೈದಾನದ ಫುಟ್‌ಬಾಲನ್ನಲ್ಲ, ಟಿವಿಯ ಫುಟ್‌ಬಾಲನ್ನು. ಮೈದಾನದಲ್ಲಿ ಆಡುವವನಿಗೆ ಕಾಣುವುದು ಎದುರಾಳಿಯ ಭುಜ ಮತ್ತು ತನ್ನ ಕಾಲಬಳಿಯ ಚೆಂಡು. ಕಂಟ್ರೋಲರ್ ಹಿಡಿದವನಿಗೆ ಕಾಣುವುದು ಪ್ರೇಕ್ಷಕರ ಸಾಲಿನ ಮೇಲಿಂದ ಕೆಳಗಿಳಿಯುವ ನೋಟ, ಮೇಲಿನ ಮೂಲೆಯಲ್ಲಿ ಸ್ಕೋರು, ಕಿವಿಯಲ್ಲಿ ವೀಕ್ಷಕ ವಿವರಣೆ, ಗೋಲಿನ ನಂತರ ಮೂರು ಕೋನಗಳ ರೀಪ್ಲೇ. 1993ರಲ್ಲಿ ಬಂದ ಈ ಸರಣಿಯ ಮೊದಲ ಆಟ ಮೈದಾನವನ್ನು ಮೂಲೆಯಿಂದ ಓರೆಯಾಗಿ ತೋರಿಸುತ್ತಿತ್ತು. ಮುಂದಿನ ವರ್ಷಗಳಲ್ಲಿ ಅದು ಪ್ರಸಾರದ ಕ್ಯಾಮೆರಾ ಕೋನಕ್ಕೇ ಒಗ್ಗಿಕೊಂಡಿತು. ಆ ವಿಶ್ವಕಪ್‌ನಲ್ಲಿ ಅನುಕರಣೆ ಉಲ್ಟಾ ದಿಕ್ಕಿನಲ್ಲಿಯೂ ನಡೆಯಿತು. ಆಫ್‌ಸೈಡ್ ಅಳೆಯಲು, ಅಂದರೆ ಪಾಸ್ ಹೊರಟ ಕ್ಷಣದಲ್ಲಿ ಆಟಗಾರ ಎದುರಾಳಿಯ ರಕ್ಷಕರನ್ನು ದಾಟಿ ಮುಂದೆ ನಿಂತಿದ್ದನೇ ಎಂದು ನೋಡಲು, ಕ್ರೀಡಾಂಗಣದ ಚಾವಣಿಯ ಕೆಳಗೆ 12 ಕ್ಯಾಮೆರಾಗಳಿದ್ದವು. ಅವು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು, ಮತ್ತು ತೀರ್ಪನ್ನು ಟಿವಿಯಲ್ಲಿ ತೋರಿಸುತ್ತಿದ್ದುದು ಮುಖವಿಲ್ಲದ ಬೊಂಬೆಗಳ ಅನಿಮೇಶನ್ ಮೂಲಕ. ನವೆಂಬರ್ 22ರಂದು ಸೌದಿ ಅರೇಬಿಯಾದ ವಿರುದ್ಧ ಅರ್ಜೆಂಟೀನಾದ ಮೂರು ಗೋಲುಗಳು ಮೊದಲಾರ್ಧದಲ್ಲೇ ಆಫ್‌ಸೈಡ್ ಎಂದು ರದ್ದಾದಾಗ, ಆ ಬೊಂಬೆಗಳನ್ನು ಕಂಡ ಹುಡುಗ, "ನಮ್ಮ ಆಟದ ಗ್ರಾಫಿಕ್ಸೇ ಇದಕ್ಕಿಂತ ಚೆನ್ನಾಗಿದೆ," ಎಂದಿದ್ದ. ಅಂದು ಅರ್ಜೆಂಟೀನಾ 2–1ರಿಂದ ಸೋತಿದ್ದರಿಂದ ನನಗೆ ನಗು ಬಂದಿರಲಿಲ್ಲ.

ಫೈನಲ್‌ನ ಮೊದಲಾರ್ಧದಲ್ಲಿ ನಗುವ ಸರದಿ ನನ್ನದಾಯಿತು. ನಮ್ಮ ಆಟದಲ್ಲಿ ನಾನು ಅರ್ಜೆಂಟೀನಾದ ಡಿ ಮರಿಯಾನನ್ನು ಯಾವಾಗಲೂ ಬಲಬದಿಗೆ ಹಾಕುತ್ತಿದ್ದೆ. ಕೋಚ್ ಸ್ಕಲೋನಿ ಅವನನ್ನು ಎಡಬದಿಗೆ ನಿಲ್ಲಿಸಿದ್ದರು. ಅವನನ್ನು ಫ್ರಾನ್ಸಿನ ಡೆಂಬೆಲೆ ಬೀಳಿಸಿದ್ದರಿಂದ ಸಿಕ್ಕ ಪೆನಾಲ್ಟಿಯನ್ನು 23ನೇ ನಿಮಿಷದಲ್ಲಿ ಮೆಸ್ಸಿ ಗೋಲಾಗಿಸಿದ. 36ನೇ ನಿಮಿಷದಲ್ಲಿ ಡಿ ಮರಿಯಾನೇ ಗೋಲು ಹೊಡೆದ. ಮೆಸ್ಸಿಯ ಒಂದೇ ಸ್ಪರ್ಶದಿಂದ ಹೊರಟ ಚೆಂಡು ಆಲ್ವರೆಸ್, ಮ್ಯಾಕ್ ಅಲಿಸ್ಟರ್ ಇಬ್ಬರನ್ನು ದಾಟಿ ಅವನ ಕಾಲಿಗೆ ಬಂದ ಆ ಓಟ ಎಷ್ಟು ಸರಾಗವಾಗಿತ್ತೆಂದರೆ, ಗುಂಡಿಗಳನ್ನು ಒತ್ತಿ ಅಂಥದೊಂದನ್ನು ಕಟ್ಟಲು ನಾನು ಇಂದಿಗೂ ಹೆಣಗುತ್ತಿದ್ದೇನೆ. ಫ್ರಾನ್ಸ್ ಮೊದಲಾರ್ಧದಲ್ಲಿ ಗೋಲಿನತ್ತ ಒಂದು ಹೊಡೆತವನ್ನೂ ಹೊಡೆಯಲಿಲ್ಲ. ವಿರಾಮಕ್ಕೂ ಮುನ್ನ, 41ನೇ ನಿಮಿಷದಲ್ಲೇ, ಕೋಚ್ ದೆಶಾಂ ಇಬ್ಬರು ಮುನ್ಪಡೆಯವರನ್ನು ಹೊರಗೆ ಕರೆಸಿದಾಗ ಹುಡುಗ ಮೊಣಕಾಲಿಗೆ ಗಲ್ಲವೂರಿ ಕುಳಿತುಬಿಟ್ಟ.

ಇಲ್ಲಿ ಪಕ್ಕದ ಮನೆಯ ಸಂಗತಿಯನ್ನು ಹೇಳಬೇಕು. ನಾವು ಪಂದ್ಯ ನೋಡುತ್ತಿದ್ದುದು ಟಿವಿಯೊಳಗಿನ ಆ್ಯಪ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ. ಅವರದು ಡಿಶ್ ಸಂಪರ್ಕ. ಇಂಟರ್ನೆಟ್ಟಿನಲ್ಲಿ ಬರುವ ಚಿತ್ರವನ್ನು ತುಣುಕು ತುಣುಕಾಗಿ ಕಟ್ಟಿ ಕಳಿಸುವುದರಿಂದ ಅದು ಡಿಶ್‌ಗಿಂತ ತಡವಾಗಿ ಬರುತ್ತದೆ. ಆ ರಾತ್ರಿ ನಮ್ಮ ಚಿತ್ರ ಅರ್ಧ ನಿಮಿಷದಷ್ಟು ಹಿಂದಿತ್ತು. ಹಾಗಾಗಿ ಮೆಸ್ಸಿ ಪೆನಾಲ್ಟಿಗೆಂದು ಚೆಂಡನ್ನು ನೆಲದ ಮೇಲಿಡುವಾಗಲೇ ಗೋಡೆಯಾಚೆಯಿಂದ ಕೂಗು ಕೇಳಿಸಿ, ಗೋಲಾಗುವುದು ನಮಗೆ ಮೊದಲೇ ತಿಳಿದುಹೋಗಿತ್ತು. ಎರಡನೆಯ ಗೋಲಿಗೂ ಹಾಗೆಯೇ ಆಯಿತು. ಕಿವಿ ಮುಚ್ಚಿಕೊಂಡು ನೋಡುವುದು ಹೇಗೆಂದು ಹುಡುಗ ಗೊಣಗಿದ.

ದ್ವಿತೀಯಾರ್ಧ ನೀರಸವಾಗಿ ಸಾಗಿತು. 64ನೇ ನಿಮಿಷದಲ್ಲಿ ಡಿ ಮರಿಯಾ ಹೊರಗೆ ಬಂದ. ಅರ್ಜೆಂಟೀನಾ ಚೆಂಡನ್ನು ಅತ್ತಿತ್ತ ಉರುಳಿಸುತ್ತ ಕಾಲ ತಳ್ಳುತ್ತಿತ್ತು. ಗೆಲ್ಲುತ್ತಿರುವ ತಂಡದ ಅಭಿಮಾನಿಗೆ ಆ ಇಪ್ಪತ್ತು ನಿಮಿಷ ಎಷ್ಟು ಉದ್ದವಾಗಿರುತ್ತದೆಂಬುದು ಬಲ್ಲವರಿಗೇ ಗೊತ್ತು. 78ನೇ ನಿಮಿಷದ ಹೊತ್ತಿಗೆ ನನ್ನ ಸಹನೆ ಮುಗಿದಿತ್ತು. ಅಳಿಯನ ಮುಖ ನೋಡಿ ಕನಿಕರವೂ ಆಯಿತು. ಯಾವುದು ಎಷ್ಟು ಪಾಲು ಎಂದು ಈಗ ಪ್ರಾಮಾಣಿಕವಾಗಿ ಕೇಳಿಕೊಂಡರೆ, ಕನಿಕರದ ಪಾಲು ಸ್ವಲ್ಪ ಕಡಿಮೆಯೇ. "ಇದು ಮುಗಿದ ಕತೆ ಮಗು. ಬಾ, ನಮ್ಮದನ್ನು ಮುಗಿಸೋಣ. ಅಲ್ಲಾದರೂ ನಿನ್ನ ಫ್ರಾನ್ಸ್‌ಗೆ ಅವಕಾಶವಿದೆ," ಎಂದು ರಿಮೋಟ್ ಎತ್ತಿಕೊಂಡು ಟಿವಿಯನ್ನು ಎಚ್‌ಡಿಎಂಐಗೆ ಬದಲಾಯಿಸಿದೆ. 62ನೇ ನಿಮಿಷದಲ್ಲಿ ನಿಂತಿದ್ದ ನಮ್ಮ ಪಂದ್ಯ ನಿಂತಲ್ಲಿಂದಲೇ ಹೊರಟಿತು.

ಕಂಟ್ರೋಲರ್ ಕೈಗೆ ಬಂದದ್ದೇ ತಡ, ಗೋಡೆಯಾಚೆಯಿಂದ ಮೊದಲ ಕೂಗು ಕೇಳಿಸಿತು. ಅದು ಸಂತೋಷದ್ದೋ ಸಂಕಟದ್ದೋ ಗೋಡೆಯ ಈಚೆಗೆ ಗೊತ್ತಾಗುವಂತಿರಲಿಲ್ಲ. ಮೂರನೆಯ ಗೋಲು ಬಿದ್ದಿರಬೇಕೆಂದು ನಾನೆಂದೆ. ಹುಡುಗ ತುಟಿ ಬಿಗಿದು ತನ್ನ ಎಂಬಾಪೆಯನ್ನು ಎಡ ಅಂಚಿನಲ್ಲಿ ಓಡಿಸಿದ. ಅವನಿಂದ ಚೆಂಡು ಕಿತ್ತು, ಮೆಸ್ಸಿಗೆ ತಲುಪಿಸಿ, ಒಂದು ಕಾರ್ನರ್ ಗಳಿಸುವಷ್ಟರಲ್ಲಿ ಇನ್ನೊಂದು ಕೂಗು ಬಂತು. ಇದು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಹುಡುಗನ ಹೆಬ್ಬೆರಳುಗಳು ನಿಂತವು. "ಮಾಮಾ, ಒಮ್ಮೆ ಹಾಕಿ ನೋಡೋಣವೇ?" ಎಂದ. ನನ್ನ ಕಣ್ಣು ಕಾರ್ನರ್ ಬಾವುಟದ ಮೇಲಿತ್ತು. "ಇದೊಂದು ಕಾರ್ನರ್ ಆಗಲಿ," ಎಂದೆ. ಕಾರ್ನರ್ ಆಯಿತು, ಅವನ ಡಿಫೆಂಡರ್ ತಲೆಯಿಂದ ಚೆಂಡನ್ನು ಹೊರಹಾಕಿದ, ಅದು ಮತ್ತೆ ನನ್ನ ಕಾಲಿಗೇ ಬಂತು; ಹಾಗೆ ಬಂದ ಚೆಂಡನ್ನು ಬಿಟ್ಟು ಏಳುವುದು ಕಂಟ್ರೋಲರ್ ಹಿಡಿದವರಿಂದ ಆಗುವ ಕೆಲಸವಲ್ಲ. ನಾನು ದೂರದಿಂದ ಹೊಡೆದದ್ದು ಕಂಬದ ಮೇಲಿಂದ ಹಾರಿಹೋಯಿತು. ಆಗ ಮೂರನೆಯ ಕೂಗು ಕೇಳಿಸಿತು. ಅದರ ಜೊತೆಗೆ ಎಲ್ಲೋ ಒಂದು ಕುರ್ಚಿ ಬಿದ್ದ ಸದ್ದೂ ಬಂತು.

ಆಟ ನಿಲ್ಲಿಸಿದಾಗ ನಮ್ಮ ಪರದೆಯ ಗಡಿಯಾರ 84 ತೋರಿಸುತ್ತಿತ್ತು. ರಿಮೋಟ್ ಒತ್ತಿದೆ. ನಮ್ಮ ಪ್ರಸಾರ ಅರ್ಧ ನಿಮಿಷ ಹಿಂದಿದ್ದುದರಿಂದ, ಪಕ್ಕದ ಮನೆಯವರು ಆಗತಾನೇ ನೋಡಿದ್ದನ್ನು ನೋಡಲು ನಮಗೆ ಇನ್ನೂ ಸಮಯವಿತ್ತು. ಸಂಜೆಯಿಡೀ ನಾವು ಶಪಿಸಿದ್ದ ವಿಳಂಬ ಆ ಒಂದು ಸಲ ನಮ್ಮ ಪರವಾಗಿತ್ತು. ಆದರೆ ಎಚ್‌ಡಿಎಂಐಗೆ ಹೋದಾಗಲೇ ಆ್ಯಪ್ ಮುಚ್ಚಿಕೊಂಡಿತ್ತು. ಅದು ಮತ್ತೆ ತೆರೆದು, ಯಾರು ನೋಡುತ್ತಿದ್ದೀರಿ ಎಂದು ಕೇಳಿ, ಬಿಳಿ ಉಂಗುರವೊಂದನ್ನು ಸುತ್ತಿಸುತ್ತ ಕುಳಿತಿತು. ಚಿತ್ರ ಮೂಡಿದಾಗ ನೀಲಿ ಅಂಗಿಗಳು ಸಂಭ್ರಮದಲ್ಲಿದ್ದವು, ಮೇಲಿನ ಮೂಲೆಯಲ್ಲಿ 2–2 ಎಂದಿತ್ತು. ಮೊದಲ ಕೂಗು ಪೆನಾಲ್ಟಿ ಕೊಟ್ಟದ್ದಕ್ಕೆ, ಎರಡನೆಯದು 80ನೇ ನಿಮಿಷದಲ್ಲಿ ಎಂಬಾಪೆ ಅದನ್ನು ಗೋಲಾಗಿಸಿದ್ದಕ್ಕೆ, ಮೂರನೆಯದು 81ರಲ್ಲಿ ಅವನೇ ಹೊಡೆದ ವಾಲಿಗೆ, ಅಂದರೆ ಚೆಂಡು ನೆಲ ಮುಟ್ಟುವ ಮೊದಲೇ ಒದ್ದ ಹೊಡೆತಕ್ಕೆ. ಎರಡು ಗೋಲುಗಳ ನಡುವೆ ಇದ್ದದ್ದು 97 ಸೆಕೆಂಡು. ಅಷ್ಟರಲ್ಲಿ ನಮ್ಮ ಆಟದ ಗಡಿಯಾರ 12 ನಿಮಿಷ ಓಡಿತ್ತು, ಮತ್ತು ನಾನು ಗಳಿಸಿದ್ದು ಗುರಿತಪ್ಪಿದ ಒಂದು ಹೊಡೆತವನ್ನು ಮಾತ್ರ.

ಹುಡುಗ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಅವನ ಎಂಬಾಪೆ ವಿಶ್ವಕಪ್ ಫೈನಲ್ ಅನ್ನು ತಿರುಗಿಸಿ ಹಾಕುತ್ತಿದ್ದಾಗ, ಅವನು ನನ್ನ ಮಾತು ಕೇಳಿಕೊಂಡು ಒಂದು ಕಾರ್ನರ್ ಕಾಯುತ್ತಿದ್ದ. ರೀಪ್ಲೇ ಬಂದಾಗ ಪರದೆಯ ಹತ್ತಿರಕ್ಕೆ ಹೋಗಿ ನಿಂತು ನೋಡಿದ. ಕೋಮನ್ ಮೆಸ್ಸಿಯ ಕಾಲಿನಿಂದಲೇ ಚೆಂಡು ಕಿತ್ತದ್ದು, ಎಂಬಾಪೆ ಅದನ್ನು ತಲೆಯಿಂದ ಥುರಾಮ್‌ಗೆ ದಾಟಿಸಿದ್ದು, ಥುರಾಮ್ ಎತ್ತಿ ಮರಳಿಸಿದ ಚೆಂಡು ನೆಲ ಮುಟ್ಟುವ ಮೊದಲೇ ಎಂಬಾಪೆ ಬೀಳುತ್ತ ಒದ್ದದ್ದು, ಎಲ್ಲವೂ ನಿಧಾನಗತಿಯಲ್ಲಿ ಸ್ಪಷ್ಟವಾಗಿ ಕಂಡಿತು. ಗೋಲಾಗುವುದೆಂದು ಗೊತ್ತಿದ್ದು ನೋಡುವುದೇ ಬೇರೆ.

ಆಮೇಲಿನ ಒಂದು ಗಂಟೆ ನಾವಿಬ್ಬರೂ ಸೋಫಾದ ಅಂಚಿನಿಂದ ಹಿಂದೆ ಸರಿಯಲಿಲ್ಲ. ಹೆಚ್ಚುವರಿ ಅವಧಿಯ 108ನೇ ನಿಮಿಷದಲ್ಲಿ ಮೆಸ್ಸಿ ಮತ್ತೆ ಮುನ್ನಡೆ ಕೊಟ್ಟ. 118ರಲ್ಲಿ ಅರ್ಜೆಂಟೀನಾದ ಮೊಂಟಿಯೆಲ್‌ನ ಕೈಗೆ ಚೆಂಡು ತಗುಲಿದ್ದರಿಂದ ಸಿಕ್ಕ ಪೆನಾಲ್ಟಿಯಲ್ಲಿ ಎಂಬಾಪೆ ಹ್ಯಾಟ್ರಿಕ್ ಮುಗಿಸಿದ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಅದಕ್ಕೂ ಮೊದಲು ಹ್ಯಾಟ್ರಿಕ್ ಗಳಿಸಿದ್ದವರು 1966ರಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಒಬ್ಬರೇ. 123ನೇ ನಿಮಿಷದಲ್ಲಿ ಫ್ರಾನ್ಸಿನ ಕೊಲೊ ಮುವಾನಿ ಒಬ್ಬನೇ ಗೋಲಿನ ಮುಂದೆ ಬಂದಾಗ, ಅರ್ಜೆಂಟೀನಾದ ಗೋಲ್‌ಕೀಪರ್ ಮಾರ್ಟಿನೆಸ್ ಮುಂದೆ ಬಂದು ಎಡಗಾಲು ಚಾಚಿ ಆ ಹೊಡೆತವನ್ನು ತಡೆದ. ನಮ್ಮ ಆಟದಲ್ಲಿ ಗೋಲ್‌ಕೀಪರ್ ಬಹುಪಾಲು ತನ್ನಷ್ಟಕ್ಕೆ ತಾನೇ ಆಡುತ್ತಾನೆ, ನಮ್ಮ ಕೈಲಾಗುವುದು ತ್ರಿಕೋನದ ಗುಂಡಿ ಒತ್ತಿ ಅವನನ್ನು ಮುಂದಕ್ಕೆ ಓಡಿಸುವುದಷ್ಟೇ. "ತ್ರಿಕೋನ ಒತ್ತಿದರೆ ಅವನು ಕಾಲು ಹಾಗೆ ಚಾಚುವುದೇ ಇಲ್ಲ," ಎಂದು ಹುಡುಗ ತಲೆ ಅಲ್ಲಾಡಿಸಿದ. ಅಷ್ಟು ಹೊತ್ತಿನ ಬಳಿಕ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಪೆನಾಲ್ಟಿ ಸರಣಿಯಲ್ಲಿ ಅವನು ವಿವರಣಕಾರನೇ ಆಗಿಬಿಟ್ಟ. ಫಿಫಾ 23ರಲ್ಲಿ ಪೆನಾಲ್ಟಿ ಹೊಡೆಯುವಾಗ ಚೆಂಡಿನ ಸುತ್ತ ಒಂದು ಉಂಗುರ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಅದು ಚಿಕ್ಕದಾದ ಕ್ಷಣದಲ್ಲಿ ಒತ್ತಿದರೆ ಗುರಿ ನೇರ, ದೊಡ್ಡದಾಗಿದ್ದಾಗ ಒತ್ತಿದರೆ ಚೆಂಡು ಎಲ್ಲಿಗಾದರೂ ಹೋದೀತು. ಕೋಮನ್‌ನ ಹೊಡೆತವನ್ನು ಮಾರ್ಟಿನೆಸ್ ತಡೆದಾಗ ಹುಡುಗ, "ಉಂಗುರ ದೊಡ್ಡದಿತ್ತು," ಎಂದ. ಮುಂದಿನ ಸರದಿ ಚುವಾಮೆನಿಯದು. ಮಾರ್ಟಿನೆಸ್ ಚೆಂಡನ್ನು ಬೇಕೆಂದೇ ದೂರ ಎಸೆದ, ಚುವಾಮೆನಿ ನಡೆದುಹೋಗಿ ಅದನ್ನು ತಾನೇ ತರಬೇಕಾಯಿತು, ತಂದು ಹೊಡೆದದ್ದು ಕಂಬದಾಚೆ ಹೋಯಿತು. ಅದಕ್ಕೆ ಹುಡುಗ ಉಂಗುರದ ಮಾತೆತ್ತಲಿಲ್ಲ. ಕೊನೆಗೆ, ಕೈಗೆ ಚೆಂಡು ತಗುಲಿಸಿಕೊಂಡಿದ್ದ ಅದೇ ಮೊಂಟಿಯೆಲ್ ನಿರ್ಣಾಯಕ ಪೆನಾಲ್ಟಿ ಹೊಡೆದು 4–2ರಿಂದ ಪಂದ್ಯ ಮುಗಿಸಿದ. ನನ್ನ ತಂಡ ಗೆದ್ದಿತ್ತು, ಆದರೆ ಎದ್ದು ಕುಣಿಯುವ ಧೈರ್ಯ ನನಗಿರಲಿಲ್ಲ.

ನಮ್ಮ ನಾಲ್ಕನೆಯ ಪಂದ್ಯ 84ನೇ ನಿಮಿಷದಲ್ಲೇ ಉಳಿಯಿತು. ಮರುದಿನ ಅವನು ಆಡಿದ್ದು ಪಂದ್ಯವನ್ನಲ್ಲ, ಅಭ್ಯಾಸದ ಮೈದಾನವನ್ನು ತೆರೆದು ಆ ವಾಲಿಯನ್ನು: ಎಂಬಾಪೆಗೆ ಎತ್ತರದ ಪಾಸ್ ಕಳಿಸಿ, ನೆಲ ಮುಟ್ಟುವ ಮೊದಲು ಒದೆಯುವುದು, ಮತ್ತೆ ಮತ್ತೆ. ಹತ್ತಿಪ್ಪತ್ತು ಸಲದ ನಂತರ ಒಂದು ಸರಿಯಾಗಿ ಬಿತ್ತು. ಅದರ ರೀಪ್ಲೇಯನ್ನು ಅವನು ನನಗೆ ತೋರಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ.

2024ರ ಜುಲೈ 9ರಂದು ಯೂರೋ ಕಪ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಎದುರಾದಾಗ ಅವನು ಮತ್ತೆ ಬಂದಿದ್ದ. ದನಿ ಒಡೆದಿತ್ತು, ಎತ್ತರ ನನ್ನ ಭುಜ ದಾಟಿತ್ತು. ಆಟದ ಹೆಸರು ಆ ಹೊತ್ತಿಗೆ ಇಎ ಸ್ಪೋರ್ಟ್ಸ್ ಎಫ್‌ಸಿ ಎಂದು ಬದಲಾಗಿದ್ದರೂ ಅವನ ಬಾಯಲ್ಲಿ ಅದಿನ್ನೂ ಫಿಫಾ. ಪಂದ್ಯ ಶುರುವಾಗುವ ಮುನ್ನ ಎದ್ದು ಟಿವಿಯ ಹಿಂದೆ ಕೈ ಹಾಕಿ ಎಚ್‌ಡಿಎಂಐ ತಂತಿಯನ್ನು ಕಳಚಿದ, ಸುರುಳಿ ಸುತ್ತಿ ತನ್ನ ಜೇಬಿಗೆ ಹಾಕಿಕೊಂಡು ಕುಳಿತ. 9ನೇ ನಿಮಿಷದಲ್ಲಿ ಎಂಬಾಪೆ ಕೊಟ್ಟ ಪಾಸಿಗೆ ಕೊಲೊ ಮುವಾನಿ ತಲೆ ಕೊಟ್ಟು ಗೋಲು ಹೊಡೆದ; 25ನೇ ನಿಮಿಷದೊಳಗೆ ಸ್ಪೇನ್ ಎರಡು ಹೊಡೆದು ಮುಂದೆ ಹೋಯಿತು. ಅಲ್ಲಿಂದ ಮುಂದೆ ಒಂದೂ ಗೋಲು ಬರಲಿಲ್ಲ. ಉಳಿದ ಅಷ್ಟೂ ಹೊತ್ತು ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡೇ ನೋಡಿದ. ರೆಫರಿಯ ಕೊನೆಯ ಸೀಟಿ ಊದಿದ ಮೇಲೆ ತಂತಿಯನ್ನು ತೆಗೆದು ನನ್ನ ಕೈಗಿಟ್ಟು ಮಲಗಲು ಹೋದ.