ಬ್ಲ್ಯಾಕ್ ಫಾರೆಸ್ಟಿನ ತಿರುವುಗಳಲ್ಲಿ ಬೈಕಿನ ಮಾತು

ಜರ್ಮನಿಯ ಬೈಕ್ ಸವಾರರ ನಡುವೆ ಕುಳಿತು ಮಾತು ಕೇಳುವ ಕನ್ನಡಿಗನಿಗೆ ಮೊದಲು ಅಚ್ಚರಿ ತರುವುದು, ಅಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ. ‘ಲೀಟರಿಗೆ ಎಷ್ಟು ಕೊಡುತ್ತದೆ’ ಎಂಬ ಮಾತು ಇಲ್ಲಿನ ಚರ್ಚೆಯಲ್ಲಿ ಬರುವುದೇ ಅಪರೂಪ. ಇದಕ್ಕೆ ಸಿರಿತನವೊಂದೇ ಕಾರಣವಲ್ಲ. ನಮ್ಮಲ್ಲಿ ಒಂದೇ ಬೈಕು ಕಚೇರಿಗೂ ಸಂತೆಗೂ ಮದುವೆಮನೆಗೂ ಹೋಗಿಬರಬೇಕು; ಇಲ್ಲಿ ಆ ಕೆಲಸಗಳನ್ನು ರೈಲು, ಕಾರು, ಸೈಕಲ್ಲುಗಳು ಹಂಚಿಕೊಳ್ಳುವುದರಿಂದ ಬೈಕು ಹೆಚ್ಚಿನವರಿಗೆ ಸವಾರಿಯ ಸುಖಕ್ಕಾಗಿಯೇ ಉಳಿಯುತ್ತದೆ. ಅನೇಕರ ನಂಬರ್ ಪ್ಲೇಟಿನ ಬಲತುದಿಯಲ್ಲಿ 03, ಅದರ ಕೆಳಗೆ 10 ಎಂಬ ಸಣ್ಣ ಅಂಕಿಗಳಿರುತ್ತವೆ. ಆ ಗಾಡಿ ಮಾರ್ಚಿನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗಿಳಿಯಬಹುದು ಎಂದು ಅದರ ಅರ್ಥ. 1997ರಲ್ಲಿ ಜಾರಿಗೆ ಬಂದ ಈ ಏರ್ಪಾಡಿನಲ್ಲಿ ತೆರಿಗೆ ಮತ್ತು ವಿಮೆಯನ್ನು ಆಯಾ ತಿಂಗಳುಗಳಿಗಷ್ಟೇ ಕಟ್ಟಿದರೆ ಸಾಕು; ಉಳಿದ ತಿಂಗಳುಗಳಲ್ಲಿ ಬೈಕನ್ನು ಸಾರ್ವಜನಿಕ ರಸ್ತೆಯ ಬದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಹೀಗೆ ವರ್ಷದ ಒಂದು ಭಾಗಕ್ಕೆ ಮಾತ್ರ ಸಿಗುವ ಸುಖವಾದ್ದರಿಂದ, ಯಾವ ಬೈಕು ಒಳ್ಳೆಯದು ಎಂದು ಶುರುವಾದ ಮಾತು ನೀವು ತಿರುವನ್ನು ಹೇಗೆ ದಾಟುತ್ತೀರಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಇಂಥ ಮಾತುಕತೆಗೆ ತಕ್ಕ ಜಾಗವೆಂದರೆ ನೈಋತ್ಯ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡುಬೆಟ್ಟಗಳ ಸೀಮೆಯಲ್ಲಿ, ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಬೆಟ್ಟದ ನೆತ್ತಿಯಲ್ಲಿ ಸಾಗುವ ಬಿ 500 ಹೆದ್ದಾರಿ. ಅದರ ಪಕ್ಕದಲ್ಲಿ, ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ, ಮುಮೆಲ್‌ಜೇ ಎಂಬ ಕಪ್ಪು ನೀರಿನ ಸಣ್ಣ ಸರೋವರವಿದೆ. ಬೇಸಿಗೆಯ ಭಾನುವಾರಗಳಲ್ಲಿ ಅಲ್ಲಿ ಸಾಲುಸಾಲಾಗಿ ಬೈಕುಗಳು ನಿಲ್ಲುತ್ತವೆ. ವೇಗಮಿತಿಯಿಲ್ಲದ ಆಟೋಬಾನ್ ಹೆದ್ದಾರಿಗಳಲ್ಲಿ ನಾವೆಲ್ಲ ಹಾರುತ್ತಿರುತ್ತೇವೆಂದು ಊರಿನ ಗೆಳೆಯರು ಭಾವಿಸಿರುತ್ತಾರೆ. ನಾನು ಬಲ್ಲ ಸವಾರರಿಗೆ ಆಟೋಬಾನ್ ಎಂದರೆ ಬೇಸರ. ನೇರ ರಸ್ತೆಯಲ್ಲಿ ಸವಾರನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಅವರ ಮನಸ್ಸಿರುವುದು ಗರಿಷ್ಠ 100 ಕಿಲೋಮೀಟರ್ ಮಿತಿಯ ಹಳ್ಳಿಗಾಡಿನ ರಸ್ತೆಗಳಲ್ಲಿ.

ಯಾವ ಗುಂಪಿನಲ್ಲಾದರೂ ವಾದ ಮೊದಲು ಸುತ್ತುವುದು ಬಿಎಂಡಬ್ಲ್ಯು ಜಿಎಸ್ ಸುತ್ತಲೇ. 1923ರ ಆರ್ 32 ಬೈಕಿನಿಂದಲೂ ಈ ಕಂಪನಿ ಉಳಿಸಿಕೊಂಡು ಬಂದಿರುವ, ಎರಡು ಸಿಲಿಂಡರುಗಳು ಎಡಬಲಕ್ಕೆ ಚಾಚಿಕೊಂಡ ಬಾಕ್ಸರ್ ಎಂಜಿನ್ನು 1980ರಲ್ಲಿ ಆರ್ 80 ಜಿ/ಎಸ್ ಆಗಿ ಮಣ್ಣುದಾರಿಗೂ ಇಳಿಯಿತು; ಇಂದಿನ ಆರ್ 1300 ಜಿಎಸ್ 145 ಅಶ್ವಶಕ್ತಿಯ, 237 ಕಿಲೋ ತೂಕದ ಗಾಡಿ. ಅದರ ಅಭಿಮಾನಿಗಳು ಶಕ್ತಿಗಿಂತ ಹೆಚ್ಚಾಗಿ ಹೊಗಳುವುದು ಮುಂಭಾಗದ ಟೆಲಿಲಿವರ್ ಎಂಬ ವ್ಯವಸ್ಥೆಯನ್ನು. ಸಾಮಾನ್ಯ ಬೈಕಿನಲ್ಲಿ ಬ್ರೇಕ್ ಹಿಡಿದೊಡನೆ ಮುಂಚಕ್ರವನ್ನು ಹಿಡಿದ ಸ್ಪ್ರಿಂಗಿನ ಕಾಲುಗಳು, ಅಂದರೆ ಫೋರ್ಕ್, ಕುಸಿದು ಗಾಡಿ ಮೂಗು ತಗ್ಗಿಸುತ್ತದೆ. ಟೆಲಿಲಿವರ್‌ನಲ್ಲಿ ಬ್ರೇಕಿನ ಬಲದ ಬಹುಪಾಲು ಒಂದು ತೋಳಿನ ಮೂಲಕ ಚೌಕಟ್ಟಿಗೆ ಹೋಗುವುದರಿಂದ ಗಾಡಿ ಹೆಚ್ಚುಕಡಿಮೆ ಮಟ್ಟಸವಾಗಿಯೇ ಉಳಿಯುತ್ತದೆ, ಹಿಂದೆ ಕುಳಿತವರ ತಲೆ ಮುಂದಿನವರ ಹೆಲ್ಮೆಟ್ಟಿಗೆ ಬಡಿಯುವುದಿಲ್ಲ. ಎದುರು ಪಕ್ಷದವರ ತಕರಾರು ಕೂಡ ಅಷ್ಟೇ ನ್ಯಾಯವಾದದ್ದು: ಫೋರ್ಕ್ ಕುಸಿದಾಗ ಸ್ಟೀರಿಂಗಿನ ಕೋನ ಕಡಿದಾಗಿ ಗಾಡಿ ಚುರುಕಾಗಿ ತಿರುವಿಗೆ ಇಳಿಯುತ್ತದೆ, ಮುಂದಿನ ಟೈರಿಗೆ ಎಷ್ಟು ಹಿಡಿತವಿದೆಯೆಂಬುದು ಅಂಗೈಗೆ ತಿಳಿಯುತ್ತದೆ, ಆ ಸುಳಿವನ್ನು ಜಿಎಸ್ ಮಸುಕಾಗಿಸುತ್ತದೆ ಎಂಬುದು ಅವರ ವಾದ. ಇಬ್ಬರ ಅನುಭವವೂ ನಿಜವೇ, ಏಕೆಂದರೆ ಇಬ್ಬರೂ ತಿರುವಿಗೆ ಪ್ರವೇಶಿಸುವ ಕ್ರಮವೇ ಬೇರೆ.

ನಾನು ಓಡಿಸುವುದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಅದರ 648 ಸಿಸಿ ಎಂಜಿನ್ನಿನ 47 ಅಶ್ವಶಕ್ತಿ ಎಂದರೆ ಸರಿಸುಮಾರು 35 ಕಿಲೋವ್ಯಾಟ್; ಯುರೋಪಿನಲ್ಲಿ ಮಧ್ಯಮ ಶಕ್ತಿಯ ಬೈಕುಗಳಿಗೆ ಕೊಡುವ ಎ2 ಪರವಾನಗಿಯ ಮಿತಿಯೂ ಅಷ್ಟೇ ಆದ್ದರಿಂದ, ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸದೆ ಅದನ್ನು 18 ತುಂಬಿದವರೂ ಓಡಿಸಬಹುದು. ಎರಡು ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ತೋಳುಗಳನ್ನು 270 ಡಿಗ್ರಿ ಅಂತರದಲ್ಲಿ ಜೋಡಿಸಿರುವುದರಿಂದ ಸ್ಫೋಟಗಳು ಸಮ ಅಂತರದಲ್ಲಿ ಬರುವುದಿಲ್ಲ, ಎರಡು ಸಿಲಿಂಡರುಗಳು 90 ಡಿಗ್ರಿಯ ವಿ ಆಕಾರದಲ್ಲಿರುವ ವಿ-ಟ್ವಿನ್ ಎಂಜಿನ್ನಿನಂತೆ ಬಿಟ್ಟು ಬಿಟ್ಟು ಮಿಡಿಯುತ್ತವೆ. ಯಮಾಹಾ ಎಂಟಿ-07ರಲ್ಲೂ ಇದೇ ಏರ್ಪಾಡಿದೆ. ಕೆಳಗಿನ ಆರ್‌ಪಿಎಂನಲ್ಲಿಯೇ ಎಳೆತ ಸಿಗುವ ಇಂಥ ಎಂಜಿನ್ನಿನಲ್ಲಿ ಒಂದೇ ಗೇರಿನಲ್ಲಿ ಹತ್ತಾರು ತಿರುವುಗಳನ್ನು ಪೋಣಿಸಿಕೊಂಡು ಹೋಗಬಹುದು. ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಬೈಕು ತನ್ನ ನಿಜವಾದ ಶಕ್ತಿಯನ್ನು ತೋರಿಸುವ ಹೊತ್ತಿಗೆ ರಸ್ತೆಯ ಮಿತಿ ದಾಟಿಹೋಗಿರುತ್ತದೆ. ಅದನ್ನು ರೇಸ್ ಟ್ರ್ಯಾಕಿಗೆ ಒಯ್ಯದವರು ಅದರ ಬಹುಪಾಲನ್ನು ಬಳಸದೆಯೇ ಇಟ್ಟುಕೊಂಡಿದ್ದಾರೆಂದು ನಾನು ನಂಬುತ್ತೇನೆ.

ಸವಾರಿಯ ಶೈಲಿಗಳ ವಿಷಯಕ್ಕೆ ಬಂದರೆ ಇಲ್ಲಿ ಮೂರನ್ನು ಗುರುತಿಸುತ್ತಾರೆ. ಮೈಯನ್ನೂ ಗಾಡಿಯನ್ನೂ ಒಂದೇ ಗೆರೆಯಲ್ಲಿ ವಾಲಿಸುವುದು ಸಹಜವಾದದ್ದು, ದೀರ್ಘ ಪ್ರಯಾಣದಲ್ಲಿ ಆಯಾಸ ತಾರದ್ದು. ಮೈಯನ್ನು ನೆಟ್ಟಗಿಟ್ಟು ಗಾಡಿಯನ್ನು ಮಾತ್ರ ಕೆಳಗೆ ಒತ್ತುವುದು ಎರಡನೆಯದು. ಹೇರ್‌ಪಿನ್ ತಿರುವಿನಲ್ಲಿ, ರಸ್ತೆಯ ಮೇಲೆ ಏನಿದೆಯೋ ಗೊತ್ತಿಲ್ಲದ ಕಡೆ, ಥಟ್ಟನೆ ಪಕ್ಕಕ್ಕೆ ಸರಿಯಬೇಕಾದಾಗ ಇದೇ ಬೇಗ ಫಲ ಕೊಡುತ್ತದೆ. ಮೂರನೆಯದು ರೇಸಿನವರಂತೆ ಸೀಟಿನಿಂದ ಒಳಬದಿಗೆ ಜಾರಿ ಕೂರುವುದು. ವೇಗವೂ ತಿರುವಿನ ತ್ರಿಜ್ಯವೂ ಒಂದೇ ಆಗಿದ್ದರೆ ಮೈ ಒಳಗೆ ಜಾರಿದಷ್ಟೂ ಗಾಡಿ ಕಡಿಮೆ ವಾಲುತ್ತದೆ, ಮೈ ನೆಟ್ಟಗಿದ್ದಷ್ಟೂ ಗಾಡಿ ಹೆಚ್ಚು ವಾಲಬೇಕಾಗುತ್ತದೆ. ಆದ್ದರಿಂದ ಆಳವಾಗಿ ವಾಲಿದ ಬೈಕನ್ನು ಕಂಡು ಅದರ ಸವಾರನೇ ವೇಗಶಾಲಿಯೆಂದು ತೀರ್ಮಾನಿಸಲಾಗದು. ಶೈಲಿ ಯಾವುದಾದರೂ ಗಾಡಿಯನ್ನು ವಾಲಿಸುವ ಕ್ರಿಯೆ ಒಂದೇ: ಬಲಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಬಲತುದಿಯನ್ನು ಮುಂದಕ್ಕೆ ಒತ್ತಬೇಕು. ಇಲ್ಲಿನ ಪರವಾನಗಿ ಪರೀಕ್ಷೆಯಲ್ಲಿ ಸುಮಾರು 50 ಕಿಲೋಮೀಟರ್ ವೇಗದಲ್ಲಿ, ಬ್ರೇಕ್ ಹಿಡಿಯದೆ, ಎದುರಿನ ಅಡಚಣೆಯನ್ನು ತಪ್ಪಿಸಿ ಮತ್ತೆ ದಾರಿಗೆ ಬರಬೇಕಾದ ಒಂದು ಕಸರತ್ತಿದೆ, ಈ ಒತ್ತುವಿಕೆ ಕೈಗೆ ಹತ್ತದವರಿಗೆ ಅದು ಸಾಧ್ಯವಾಗದು. ಭಾರತದ ಪರವಾನಗಿ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳವರೆಗೆ ಮಾತ್ರ ನಡೆಯುವುದರಿಂದ, ಬರಲಿರುವ ಸವಾರರು ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳೆರಡಕ್ಕೂ ಸಿದ್ಧರಾಗಿ ಬರುವುದು ಒಳ್ಳೆಯದು.

ಈ ಚರ್ಚೆಗಳಲ್ಲಿ ನನಗೆ ಅತಿ ಪ್ರಿಯರಾದವರು ಹಳೆಯ ಎಂಝಡ್ ಬೈಕುಗಳ ಸವಾರರು. ಸ್ಯಾಕ್ಸನಿಯ ಛೋಪಾವ್ ಪಟ್ಟಣದಲ್ಲಿ, ಪೂರ್ವ ಜರ್ಮನಿಯ ಕಾಲದಲ್ಲಿ ತಯಾರಾದ ಈ ಟೂ-ಸ್ಟ್ರೋಕ್ ಗಾಡಿಗಳ ಹೊಗೆಯ ವಾಸನೆ ಮೂಗಿಗೆ ಬಡಿದೊಡನೆ, 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ನೆನಪು ಯಾವ ಕನ್ನಡಿಗನಿಗೂ ಬರದಿರದು. ಅವರ ಸವಾರಿಯ ಶಿಸ್ತು ಬೇರೆಯದೇ. ಟೂ-ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕ್, ಅಂದರೆ ಆಕ್ಸಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು, ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಡನೆಯೇ ಬರುವುದರಿಂದ, ಉದ್ದನೆಯ ಇಳಿಜಾರಿನಲ್ಲಿ ಆಕ್ಸಲರೇಟರ್ ಪೂರ್ತಿ ಮುಚ್ಚಿಟ್ಟರೆ ಪಿಸ್ಟನ್ ಎಣ್ಣೆಯಿಲ್ಲದೆ ಒಣಗುತ್ತದೆ. ಹಾಗಾಗಿ ಅವರು ಆಗಾಗ ಕ್ಲಚ್ ಹಿಡಿದು, ನಡುನಡುವೆ ತುಸು ಆಕ್ಸಲರೇಟರ್ ಕೊಟ್ಟು, ತಿರುವಿನ ವೇಗವನ್ನು ಬಹಳ ಮುಂಚೆಯೇ ಲೆಕ್ಕ ಹಾಕಿಕೊಂಡು ಇಳಿಯುತ್ತಾರೆ. ನಾನು ಕಂಡವರಲ್ಲಿ ರಸ್ತೆಯನ್ನು ಅವರಷ್ಟು ದೂರದಿಂದ ಓದುವವರು ಬೇರಿಲ್ಲ.

ಸವಾರರು ಎದುರಾದಾಗ ಎಡಗೈಯನ್ನು ತಗ್ಗಿಸಿ ಪರಸ್ಪರ ವಂದಿಸುವ ಪದ್ಧತಿಯೊಂದು ಇಲ್ಲಿದೆ. ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶವಾದ್ದರಿಂದ ಎದುರಿನವರ ಕಡೆಗಿರುವುದು ಎಡಗೈ, ಅದು ಬಿಡುವಾಗಿಯೂ ಇರುತ್ತದೆ. ನಮ್ಮಲ್ಲಿ ಆ ಕಡೆಗಿರುವುದು ಆಕ್ಸಲರೇಟರಿನ ಕೈ.

ಈಚಿನ ವರ್ಷಗಳಲ್ಲಿ ಬೈಕುಗಳ ಹೋಲಿಕೆಗೆ ಇನ್ನೊಂದು ಅಂಕಿ ಸೇರಿಕೊಂಡಿದೆ. ಆಲ್ಪ್ಸ್ ಸವಾರಿಗೆ ಹೊರಟವರು ಹಾದುಹೋಗುವ ಆಸ್ಟ್ರಿಯಾದ ಟಿರೋಲ್ ಪ್ರಾಂತದ ರಾಯ್ಟ ಜಿಲ್ಲೆಯ ಕೆಲವು ರಸ್ತೆಗಳಲ್ಲಿ, ನಿಂತಲ್ಲಿ ಅಳೆದ ಸದ್ದು 95 ಡೆಸಿಬೆಲ್ ಮೀರುವ ಬೈಕುಗಳಿಗೆ 2020ರಿಂದ ಬೇಸಿಗೆಯ ತಿಂಗಳುಗಳಲ್ಲಿ ಪ್ರವೇಶ ನಿಷಿದ್ಧವಾಯಿತು. ಗಾಡಿಯ ನೋಂದಣಿ ಪತ್ರದ ಯು.1 ಎಂಬ ಕಲಮಿನಲ್ಲಿ ಆ ಅಂಕಿ ಇರುತ್ತದೆ. ಇದು ಅನ್ಯಾಯವೆಂದು ಗುಂಪಿನಲ್ಲಿ ಹಲವರು ಸಿಡಿಯುತ್ತಾರೆ, ತಯಾರಕರೇ ಕಾನೂನುಬದ್ಧವಾಗಿ ಮಾರಿದ ಗಾಡಿಗೆ ತಡೆಯೇಕೆ ಎಂಬ ಅವರ ಪ್ರಶ್ನೆಯಲ್ಲಿ ತೂಕವಿದೆ. ಆದರೂ ನಾನು ಆ ಕಣಿವೆಗಳ ಹಳ್ಳಿಯವರ ಪರ. ಮುಂದಿನ ಬೈಕು ಕೊಳ್ಳುವಾಗ ಅಶ್ವಶಕ್ತಿಗಿಂತ ಮೊದಲು ಆ ಕಲಮನ್ನೇ ನೋಡುತ್ತೇನೆ.