ಒಂದೇ ಒಂದು ಡೌಟು

ಮೇಲಿನ ಮನೆ ಹುಡುಗಿ ಸಂಜೆ ಬ್ಯಾಗ್ ಸಮೇತ ಇಳಿದು ಬಂದಳು. "ಆಂಟಿ, ಒಂದೇ ಒಂದು ಡೌಟು."
ಒಂದು ಅಂದರೆ ಮೂರು ಸಬ್ಜೆಕ್ಟು, ಗೊತ್ತಲ್ವಾ!

12 ಮತ್ತು 18ರ ಲ.ಸಾ.ಅ. 36. ಅದು ಬೇಗ ಮುಗಿಯಿತು. ಆಗಮ ಸಂಧಿಗೆ 'ಮರವನ್ನು' ಬರೆಸಿದೆ. ಮಜಾ ಇದ್ದಿದ್ದು ಸಮಾಜದಲ್ಲಿ.

"ಏಕೀಕರಣ 1956ರಲ್ಲಿ. ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಮಧ್ಯೆ ನಮ್ಮ ತಾತ ಯಾವ ರಾಜ್ಯದವರು?"
"ಮೈಸೂರು ರಾಜ್ಯ."
ಪೆನ್ಸಿಲ್ ಕಚ್ಚಿಕೊಂಡು ನನ್ನನ್ನೇ ನೋಡಿದಳು. "ಅವರು ಬೀದರ್‌ನವರು ಆಂಟಿ!"

ಹೆಸರು ಬದಲಾಯಿಸಿ ಅಂತ ಆಗ ಜನ ಕೇಳಿದ್ದೂ ಇದಕ್ಕೇ ತಾನೇ. ಗೈಡ್‌ನಲ್ಲಿ ಎರಡು ಇಸವಿ ಇರುತ್ತವೆ, ಅಷ್ಟೆ. ಇಂಥ ಪ್ರಶ್ನೆಗೆ ಮಾರ್ಕ್ಸ್ ಇಲ್ಲ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ.

ತಾತನಿಗೇ ಫೋನ್ ಮಾಡಿ ಕೇಳು ಅಂದೆ. ಊಟ ಆದಮೇಲೆ ಮಾಡುತ್ತಾಳಂತೆ.