ಗೌಜಲಹಕ್ಕಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

"ಹತ್ತು ಮರಿ ತಂದಿದ್ದೇವೆ. ಇದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು?" ಮನೆಮಟ್ಟಿಗೆ ಗೌಜಲಹಕ್ಕಿ ಸಾಕುವವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಇದು. ಮೂರು ವಾರ ತುಂಬಿದ ಮೇಲೆ ಎದೆ ನೋಡಿ ಅಂದಾಜು ಮಾಡಿ, ಆರನೇ ವಾರ ಬಾಲದ ಬುಡ ನೋಡಿ ಖಚಿತಪಡಿಸಿಕೊಳ್ಳಿ. ಹುಟ್ಟಿದ ದಿನ ಏಳೆಂಟು ಗ್ರಾಂ ತೂಗುವ ಮರಿಯನ್ನು ತೋರಿಸಿ "ಎಲ್ಲ ಹೆಣ್ಣೇ" ಎಂದು ಯಾರಾದರೂ ಮಾರಿದರೆ ನಂಬಬೇಡಿ.

ನಾವು ಸಾಕುವುದು ಜಪಾನಿ ಗೌಜಲಹಕ್ಕಿ, 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದದ್ದು. ಇದರ ಮಾಮೂಲಿ ಕಂದು ಬಣ್ಣದ ಹಕ್ಕಿಯಾದರೆ ಕೆಲಸ ಸುಲಭ. ಗಂಡಿನ ಎದೆ ಕಲೆಯಿಲ್ಲದ ಇಟ್ಟಿಗೆ ಬಣ್ಣ, ಕೆನ್ನೆ ಮತ್ತು ಗಂಟಲಿಗೂ ಅದೇ ಕೆಂಪು. ಹೆಣ್ಣಿನ ಎದೆ ಮಾಸಲು ಬಿಳುಪು, ಅದರ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ಬಣ್ಣವನ್ನು ಹಗಲು ಬೆಳಕಲ್ಲೇ ನೋಡಿ. ಕಾವಿಗೆ ಹಾಕಿದ ಕೆಂಪು ಬಲ್ಬಿನಡಿ ಎಲ್ಲ ಎದೆಯೂ ಕೆಂಪಗೇ ಕಾಣುತ್ತದೆ. ಎರಡು ವಾರದ ಮರಿಗೆ ಎದೆಯ ಗರಿ ಪೂರ್ತಿ ಬಂದಿರುವುದಿಲ್ಲ, ಆಗ ನಿರ್ಧಾರ ಮಾಡಿದವರೇ ಹೆಚ್ಚು ಮೋಸಹೋಗುವುದು.

ಬಿಳಿ ಹಕ್ಕಿಗಳಲ್ಲಿ ಈ ಗುರುತು ಕೆಲಸಕ್ಕೆ ಬಾರದು. ಕಪ್ಪು-ಬಿಳಿ ಮಿಶ್ರ ಬಣ್ಣದವುಗಳಲ್ಲೂ ಅದನ್ನು ನೆಚ್ಚುವಂತಿಲ್ಲ. ಹೊಂಬಣ್ಣದವುಗಳಲ್ಲಿ ಗಂಡಿನ ಮುಖ, ಎದೆ ತುಸು ಕೆಂಪಾಗಿದ್ದರೂ ಕಣ್ಣು ಪಳಗಿರಬೇಕು. ಇಂಥವಕ್ಕೆ ಬಾಲದ ಬುಡವೇ ಸಾಕ್ಷಿ.

ಪರೀಕ್ಷಿಸುವ ಕ್ರಮ ಹೀಗೆ. ಸಂಜೆ ಮಬ್ಬಿನಲ್ಲಿ, ಹಕ್ಕಿ ಶಾಂತವಾಗಿದ್ದಾಗ, ಬೆನ್ನ ಮೇಲಿಂದ ಅಂಗೈ ಇಟ್ಟು ಎರಡೂ ರೆಕ್ಕೆ ಸೇರಿಸಿ ಹಿಡಿಯಿರಿ. ಗಾಬರಿಯಾದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ಪಂಜರದ ಮಾಡಿಗೆ ತಲೆ ಬಡಿದುಕೊಳ್ಳುತ್ತದೆ. ಅಂಗಾತ ತಿರುಗಿಸಿ, ಹಿಕ್ಕೆ ಬೀಳುವ ದ್ವಾರದ ಸುತ್ತಲಿನ ಗರಿಯನ್ನು ಉಫ್ ಎಂದು ಊದಿ ಸರಿಸಿ. ಗಂಡಾದರೆ ದ್ವಾರಕ್ಕೂ ಬಾಲಕ್ಕೂ ನಡುವೆ ಗುಲಾಬಿ ಬಣ್ಣದ ಉಬ್ಬು ಇರುತ್ತದೆ. ಬಲಿತ ಹಕ್ಕಿಯಲ್ಲಿ ಅದು ಸಣ್ಣ ಗೋಲಿಯಷ್ಟಾಗುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಾಲಿನ ನೊರೆಯಂಥ ಬಿಳಿ ನೊರೆ ಬರುತ್ತದೆ. ಹೆಣ್ಣಿಗೆ ಈ ಉಬ್ಬು ಇಲ್ಲ. ಮೊಟ್ಟೆ ಇಡುವ ಹೊತ್ತಿಗೆ ದ್ವಾರ ಅಡ್ಡಕ್ಕೆ ಅಗಲವಾಗಿ, ತೇವವಾಗಿ, ನಸು ನೀಲಿಗಪ್ಪು ತಿರುಗಿರುತ್ತದೆ. ಒತ್ತುವುದು ಉಬ್ಬನ್ನು ಮಾತ್ರ. ಹೊಟ್ಟೆ ಹಿಸುಕಿದರೆ ಒಳಗಿನ ಮೊಟ್ಟೆ ಒಡೆದು ಹೆಣ್ಣು ಸಾಯಬಹುದು.

ಒಂದು ಕಡೆ ತಪ್ಪು ಬೀಳುವ ಸಂಭವವಿದೆ. ಈ ಉಬ್ಬು, ಅಂದರೆ ನೊರೆಗ್ರಂಥಿ, ಬೆಳೆಯುವುದು ಗಂಡಿನ ಹಾರ್ಮೋನಿನಿಂದ, ಆ ಹಾರ್ಮೋನು ಏಳುವುದು ದೀರ್ಘ ಬೆಳಕಿನಿಂದ. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ದೀಪವಿಲ್ಲದ ಪಂಜರದಲ್ಲಿ ಆಗ ಗ್ರಂಥಿ ಕುಗ್ಗಿ, ಕೂಗೂ ನಿಲ್ಲಬಹುದು. ಬಿಳಿ ಗಂಡು ಆಗ ಹೆಣ್ಣಿನಂತೆಯೇ ಕಾಣುತ್ತದೆ. ದೀಪ ಸೇರಿಸಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಡಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ.

ಮೂರು ತುಂಡಾಗಿ ಕರ್ಕಶವಾಗಿ ಕೂಗುವುದು ಗಂಡು. ಹೆಣ್ಣು ಸಣ್ಣಗೆ ಚಿಲಿಗುಡುತ್ತದೆ. ಬಲಿತಾಗ ಹೆಣ್ಣೇ ದಪ್ಪ, ಆದರೆ ತೂಕವೊಂದನ್ನೇ ನಂಬಿ ತೀರ್ಮಾನಿಸಬೇಡಿ.

ಇಷ್ಟಾಗಿಯೂ ಅನುಮಾನ ಉಳಿದ ಹಕ್ಕಿಯನ್ನು ಒಂದು ವಾರ ಬೇರೆ ಪಂಜರದಲ್ಲಿಡಿ; ಮೊಟ್ಟೆ ಇಟ್ಟರೆ ಅದು ಹೆಣ್ಣು. ಇವು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯೊಳಗೆ ಮೊಟ್ಟೆ ಇಡುತ್ತವೆ, ಹಾಗಾಗಿ ಬೆಳಿಗ್ಗೆ ಮಾತ್ರ ಹುಡುಕಿ ಕೈಬಿಡಬೇಡಿ. ಇನ್ನೊಂದು ಸೊಗಸಾದ ಗುರುತಿದೆ: ಪ್ರತಿ ಹೆಣ್ಣೂ ತನ್ನ ಮೊಟ್ಟೆಗಳ ಮೇಲೆ ಹೆಚ್ಚುಕಡಿಮೆ ಒಂದೇ ಬಗೆಯ ಚುಕ್ಕೆ ಹಾಕುತ್ತದೆ. ನಾಲ್ಕಾರು ದಿನದ ಮೊಟ್ಟೆಗಳನ್ನು ಜೋಡಿಸಿಟ್ಟು ನೋಡಿದರೆ ಎಷ್ಟು ಹೆಣ್ಣು ಇಡುತ್ತಿವೆ ಎಂದು ಬಹುಮಟ್ಟಿಗೆ ಲೆಕ್ಕ ಸಿಗುತ್ತದೆ.

ಗುರುತಿಸಿದ ತಕ್ಷಣ ಕಾಲಿಗೆ ಬಣ್ಣದ ಉಂಗುರ ಹಾಕಿ; ಹಕ್ಕಿ ಬೆಳೆದಂತೆ ಬಿಗಿಯಾಯಿತೇ ಎಂದು ವಾರಕ್ಕೊಮ್ಮೆ ನೋಡಿ. ಮರಿ ಮಾಡಿಸುವುದಾದರೆ ಮೂರು ಹೆಣ್ಣಿಗೆ ಒಂದು ಗಂಡು ಸಾಕು. ಗಂಡು ಹೆಚ್ಚಾದರೆ ಒಂದನ್ನೊಂದು ತಲೆ ಕುಕ್ಕುತ್ತವೆ, ಹೆಣ್ಣಿನ ಕತ್ತಿನ ಗರಿ ಕಿತ್ತು ಗಾಯ ಮಾಡುತ್ತವೆ. ತಿನ್ನಲು ಮೊಟ್ಟೆ ಸಾಕು ಎನ್ನುವವರಿಗೆ ಗಂಡೇ ಬೇಕಿಲ್ಲ.